ಗಣಕದ ಲೆಕ್ಕ, ಗುಂಡಿನ ವೇಗ: ಎರಡರ ನಡುವಿನ ಅಂತರ ಹೇಳುವುದೇನು?

ಪುಸ್ತಕದ ಬದನೆಕಾಯಿ ಸಾರಿಗೆ ಬಾರದು ಎಂಬ ಮಾತು ಅಡುಗೆಮನೆಗಷ್ಟೇ ಸೀಮಿತವಲ್ಲ. ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳಲ್ಲಿ ಬಳಸಿದ ತೋಟಾಗಳ ಹಿತ್ತಾಳೆ ಕವಚಗಳಿಗೆ ಮತ್ತೆ ಕೇಪು, ಮದ್ದು ಮತ್ತು ಗುಂಡು ತುಂಬಿ ಮರುಬಳಕೆ ಮಾಡುವ ಹವ್ಯಾಸಿಗಳಿಗೆ ಇದು ದಿನನಿತ್ಯದ ಪಾಠ. ರಿಲೋಡಿಂಗ್ ಎಂದು ಕರೆಯಲಾಗುವ ಈ ಕೆಲಸಕ್ಕೆ ಈಗ ಗಣಕಯಂತ್ರದ ನೆರವೂ ಇದೆ. ಇಷ್ಟು ಮದ್ದು, ಇಷ್ಟು ತೂಕದ ಗುಂಡು, ಇಷ್ಟು ಉದ್ದದ ನಳಿಗೆ ಎಂದು ವಿವರ ತುಂಬಿದರೆ ಗುಂಡು ಯಾವ ವೇಗದಲ್ಲಿ ಹೊರಬೀಳುತ್ತದೆ ಎಂಬುದನ್ನು ತಂತ್ರಾಂಶ ಕ್ಷಣಾರ್ಧದಲ್ಲಿ ತಿಳಿಸುತ್ತದೆ. ಆದರೆ ಮೈದಾನದಲ್ಲಿ ಅಳೆದಾಗ ಬರುವ ಅಂಕಿ ಬೇರೆಯೇ ಆಗಿರುವುದು ಸಾಮಾನ್ಯ.

ಈ ವ್ಯತ್ಯಾಸ ಕೇವಲ ಕುತೂಹಲದ ಸಂಗತಿಯಲ್ಲ. ಅದನ್ನು ತಪ್ಪಾಗಿ ಅರ್ಥೈಸಿಕೊಂಡರೆ ಬಂದೂಕು ಬಳಸುವವನ ಕಣ್ಣು, ಕೈಗಳಿಗೆ ಅಪಾಯ ತಪ್ಪಿದ್ದಲ್ಲ.

ಹಳೆಯ ಪ್ರಶ್ನೆ, ಹಳೆಯ ಉತ್ತರ

ಲೆಕ್ಕಕ್ಕೂ ಅಳತೆಗೂ ನಡುವಿನ ಈ ಜಗಳ ಗಣಕಕ್ಕಿಂತ ಬಹಳ ಹಳೆಯದು. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಂಡಿನ ವೇಗ ಅಳೆಯುವ ಲೋಲಕವೊಂದನ್ನು ವಿವರಿಸಿದರು. ತೂಗುಬಿಟ್ಟ ಭಾರವಾದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ಹಿಂದಕ್ಕೆ ತೂಗಿತು ಎಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಸರಳ ಉಪಾಯವದು. ಗಾಳಿಯ ಪ್ರತಿರೋಧ ಅಲ್ಪವೆಂದು ನಂಬಿದ್ದ ಅಂದಿನ ಲೆಕ್ಕಗಳನ್ನು ಈ ಅಳತೆ ತಲೆಕೆಳಗು ಮಾಡಿತು. ಮೂರು ವರ್ಷಗಳ ಬಳಿಕ, 1745ರಲ್ಲಿ, ಗಣಿತಜ್ಞ ಆಯ್ಲರ್ ಆ ಗ್ರಂಥವನ್ನು ವ್ಯಾಖ್ಯಾನ ಸಹಿತ ಜರ್ಮನ್ ಭಾಷೆಗೆ ತಂದರು. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಭಾರತಕ್ಕೆ ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ನಿಧನರಾದರು.

ಎರಡು ಶತಮಾನಗಳ ನಂತರ, 1946ರಲ್ಲಿ ಅಮೆರಿಕದಲ್ಲಿ ಅನಾವರಣಗೊಂಡ ಎನಿಯಾಕ್ ಗಣಕಯಂತ್ರವನ್ನು ಮೂಲತಃ ನಿರ್ಮಿಸಿದ್ದೇ ಸೇನೆಯ ಫಿರಂಗಿಗಳ ಗುರಿಪಟ್ಟಿಗಳನ್ನು ಲೆಕ್ಕ ಹಾಕಲು ಎಂಬುದು ಗಮನಾರ್ಹ.

ತಂತ್ರಾಂಶ ಮಾಡುವುದೇನು?

ಜರ್ಮನಿಯಲ್ಲಿ ರೂಪುಗೊಂಡ 'ಕ್ವಿಕ್‌ಲೋಡ್' ಮತ್ತು 'ಗೋರ್ಡನ್ಸ್ ರಿಲೋಡಿಂಗ್ ಟೂಲ್' ಈ ಕ್ಷೇತ್ರದ ಪರಿಚಿತ ಹೆಸರುಗಳು. ಇವು ನಳಿಗೆಯ ಒಳಗೆ ನಡೆಯುವುದನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತವೆ. ಕೇಪು ಸಿಡಿದು ಮದ್ದಿಗೆ ಬೆಂಕಿ ತಾಗುತ್ತದೆ. ಅನಿಲ ಹುಟ್ಟಿ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಮದ್ದು ಇನ್ನಷ್ಟು ಬೇಗ ಉರಿಯುತ್ತದೆ. ಅಷ್ಟರಲ್ಲಿ ಗುಂಡು ಮುಂದೆ ಸರಿದು ಅನಿಲಕ್ಕೆ ಜಾಗ ಹೆಚ್ಚುವುದರಿಂದ ಒತ್ತಡ ಇಳಿಯತೊಡಗುತ್ತದೆ. ಈ ಏರಿಳಿತವೆಲ್ಲ ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ.

ಒತ್ತಡ ಹೆಚ್ಚಿದಂತೆ ಉರಿಯುವ ವೇಗವೂ ಹೆಚ್ಚುವ ಈ ಗುಣವೇ ಲೆಕ್ಕವನ್ನು ಸೂಕ್ಷ್ಮವಾಗಿಸುತ್ತದೆ. ಆರಂಭದಲ್ಲಿ ತುಂಬಿದ ಸಣ್ಣ ತಪ್ಪು ಕೊನೆಯಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ.

ಅಂತರಕ್ಕೆ ಕಾರಣಗಳು

ಮೊದಲನೆಯದು ಹಿತ್ತಾಳೆ ಕವಚದ ಒಳಗಾತ್ರ. ಹೊರಗಿನಿಂದ ಒಂದೇ ಅಳತೆಯ ಎರಡು ಕವಚಗಳ ಒಳಗಿನ ಜಾಗ ಒಂದೇ ಆಗಿರಬೇಕೆಂದಿಲ್ಲ. ಸೇನೆಗೆಂದು ತಯಾರಾದ ಕವಚಗಳ ಗೋಡೆ ಸಾಮಾನ್ಯವಾಗಿ ದಪ್ಪ. ಒಳಗೆ ಜಾಗ ಕಡಿಮೆಯಾದರೆ ಅದೇ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಆದ್ದರಿಂದ ಅನುಭವಿಗಳು ತಂತ್ರಾಂಶದಲ್ಲಿ ಮೊದಲೇ ಇರುವ ಅಂಕಿಯನ್ನು ನಂಬದೆ, ತಮ್ಮದೇ ಬಂದೂಕಿನಲ್ಲಿ ಹಾರಿಸಿದ ಕವಚಕ್ಕೆ ನೀರು ತುಂಬಿ ತೂಗಿ ಗಾತ್ರ ಕಂಡುಕೊಳ್ಳುತ್ತಾರೆ.

ಎರಡನೆಯದು ಮದ್ದಿನ ತಂಡ. ಒಂದೇ ಹೆಸರಿನ ಮದ್ದು ಒಂದು ತಂಡದಿಂದ ಇನ್ನೊಂದಕ್ಕೆ ತುಸು ಬೇರೆಯಾಗಿ ಉರಿಯಬಹುದು. ತಂತ್ರಾಂಶದ ಕಡತದಲ್ಲಿರುವುದು ಎಂದೋ ಪರೀಕ್ಷಿಸಿದ ಮಾದರಿಯ ಗುಣ.

ಮೂರನೆಯದು ಉಷ್ಣಾಂಶ. ಲೆಕ್ಕಗಳು ಸಾಮಾನ್ಯವಾಗಿ ಸುಮಾರು 21 ಡಿಗ್ರಿ ಸೆಲ್ಸಿಯಸ್ ಎಂದು ಊಹಿಸಿಕೊಂಡಿರುತ್ತವೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟ ತೋಟಾ ಅದಕ್ಕಿಂತ ಹೆಚ್ಚಿನ ಒತ್ತಡ, ವೇಗ ತೋರಬಹುದು.

ನಾಲ್ಕನೆಯದು ನಳಿಗೆ. ತಯಾರಕರ ಕೈಪಿಡಿಯ ಅಂಕಿಗಳು ಬಹುತೇಕ ಬಿಗಿ ಅಳತೆಯ ಪರೀಕ್ಷಾ ನಳಿಗೆಯಿಂದ ಬಂದವು. ಮಾರುಕಟ್ಟೆಯ ಬಂದೂಕಿನ ಕೋಣೆ ತುಸು ಸಡಿಲವಿದ್ದರೆ, ನಳಿಗೆ ಗಿಡ್ಡವಿದ್ದರೆ ವೇಗ ಕಡಿಮೆಯಾಗುವುದು ಸಹಜ. ಗುಂಡನ್ನು ಕವಚದೊಳಗೆ ಎಷ್ಟು ಆಳಕ್ಕೆ ಕೂರಿಸಲಾಗಿದೆ ಎಂಬುದೂ ಲೆಕ್ಕ ಬದಲಿಸುತ್ತದೆ.

ಅಳತೆಯೂ ತಪ್ಪಬಹುದು

ಹಾಗೆಂದು ತಪ್ಪು ಯಾವಾಗಲೂ ತಂತ್ರಾಂಶದ್ದೇ ಎನ್ನುವಂತಿಲ್ಲ. ಕ್ರೋನೋಗ್ರಾಫ್ ಎಂಬ ವೇಗಮಾಪಕದ ಹಳೆಯ ಮಾದರಿಯಲ್ಲಿ ಎರಡು ಬೆಳಕಿನ ಪರದೆಗಳಿರುತ್ತವೆ. ಒಂದನ್ನು ದಾಟಿ ಇನ್ನೊಂದನ್ನು ದಾಟಲು ಗುಂಡು ತೆಗೆದುಕೊಂಡ ಸಮಯದಿಂದ ವೇಗ ಲೆಕ್ಕವಾಗುತ್ತದೆ. ಪರದೆಗಳ ನಡುವೆ 1.2 ಮೀಟರ್ ಅಂತರವಿದ್ದು, ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿದ್ದರೆ ಆ ಸಮಯ ಕೇವಲ 1.5 ಮಿಲಿಸೆಕೆಂಡ್. ಪರದೆಗಳ ಅಂತರದಲ್ಲಿ 3 ಮಿಲಿಮೀಟರ್ ತಪ್ಪಿದ್ದರೂ ಫಲಿತಾಂಶ ಸೆಕೆಂಡಿಗೆ 2 ಮೀಟರ್ ಏರುಪೇರಾಗುತ್ತದೆ. ಮೋಡ, ಬಿಸಿಲು, ನೆರಳುಗಳೂ ಈ ಪರದೆಗಳನ್ನು ದಾರಿ ತಪ್ಪಿಸಬಲ್ಲವು. ಜೊತೆಗೆ, ಪರದೆಯನ್ನು ಬಂದೂಕಿನ ಬಾಯಿಂದ ಕೆಲವು ಮೀಟರ್ ದೂರ ಇಡಲಾಗುತ್ತದೆ. ಅಷ್ಟರಲ್ಲಿ ಗುಂಡು ತುಸು ವೇಗ ಕಳೆದುಕೊಂಡಿರುತ್ತದೆ. ತಂತ್ರಾಂಶ ಹೇಳುವುದು ನಳಿಗೆಯ ಬಾಯಲ್ಲಿನ ವೇಗವನ್ನು.

ನಳಿಗೆಗೆ ಕಟ್ಟುವ ಅಯಸ್ಕಾಂತ ಸಂವೇದಕಗಳು ಮತ್ತು ಡಾಪ್ಲರ್ ರಾಡಾರ್ ಮಾಪಕಗಳು ಈ ಕಷ್ಟವನ್ನು ಬಹುಮಟ್ಟಿಗೆ ತಗ್ಗಿಸಿವೆ. 2023ರಲ್ಲಿ ಗಾರ್ಮಿನ್ ಸಂಸ್ಥೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ರಾಡಾರ್ ಮಾಪಕವನ್ನೇ ಮಾರುಕಟ್ಟೆಗೆ ತಂದಿತು.

ಇನ್ನೊಂದು ತೊಡಕು ಸಂಖ್ಯಾಶಾಸ್ತ್ರದ್ದು. ಐದು ಗುಂಡು ಹಾರಿಸಿ ಸರಾಸರಿ ತೆಗೆದು ತೀರ್ಪು ಕೊಡುವುದು ರೂಢಿ. ಗುಂಡಿನಿಂದ ಗುಂಡಿಗೆ ವೇಗದ ಮಾನಕ ವಿಚಲನೆ ಸೆಕೆಂಡಿಗೆ 5 ಮೀಟರ್ ಎಂದುಕೊಂಡರೆ, ಐದು ಗುಂಡುಗಳ ಸರಾಸರಿಯಲ್ಲಿ ಸುಮಾರು 6 ಮೀಟರ್ ಆಚೀಚೆಯ ಅನಿಶ್ಚಿತತೆ ಉಳಿಯುತ್ತದೆ. ಇಪ್ಪತ್ತು ಗುಂಡು ಹಾರಿಸಿದರೆ ಅದು ಎರಡೂವರೆ ಮೀಟರಿಗಿಂತ ಕೆಳಗಿಳಿಯುತ್ತದೆ. ಲೆಕ್ಕಕ್ಕೂ ಅಳತೆಗೂ 4 ಮೀಟರ್ ವ್ಯತ್ಯಾಸ ಬಂತೆಂದು ಐದೇ ಗುಂಡು ಹಾರಿಸಿದವನು ತಂತ್ರಾಂಶವನ್ನು ದೂರುವುದರಲ್ಲಿ ಅರ್ಥವಿಲ್ಲ.

ನಿಜವಾದ ಅಪಾಯ ಎಲ್ಲಿದೆ?

ಅಳೆದ ವೇಗ ಲೆಕ್ಕಕ್ಕಿಂತ ಹೆಚ್ಚು ಬಂದರೆ ಹೊಸಬರಿಗೆ ಸಂತೋಷವಾಗುವುದುಂಟು. ಆದರೆ ಅದು ಎಚ್ಚರಿಕೆಯ ಗಂಟೆ. ಹೆಚ್ಚುವರಿ ವೇಗ ಸುಮ್ಮನೆ ಬರುವುದಿಲ್ಲ. ಅದರ ಹಿಂದೆ ಬಹುತೇಕ ಹೆಚ್ಚುವರಿ ಒತ್ತಡ ಇರುತ್ತದೆ. ಮದ್ದು ಹೆಚ್ಚಿಸಿದಂತೆ ವೇಗ ನಿಧಾನವಾಗಿ ಏರಿದರೆ, ಒತ್ತಡ ಅದಕ್ಕಿಂತ ಕಡಿದಾಗಿ ಏರುತ್ತದೆ. ಬೇಟೆ ಮತ್ತು ಗುರಿಸ್ಪರ್ಧೆಗಳಲ್ಲಿ ಪ್ರಚಲಿತವಾದ .308 ವಿಂಚೆಸ್ಟರ್ ತೋಟಾಗೆ ಯುರೋಪಿನ ಸಿಐಪಿ ಸಂಸ್ಥೆ ನಿಗದಿಪಡಿಸಿದ ಗರಿಷ್ಠ ಒತ್ತಡ 4150 ಬಾರ್. ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಅದು ಬಂದೂಕುದಾರನ ಕೆನ್ನೆಯಿಂದ ಕೆಲವೇ ಅಂಗುಲ ದೂರದಲ್ಲಿ ಹುಟ್ಟುತ್ತದೆ.

ವೇಗ ಕಡಿಮೆ ಬಂದಾಗಿನ ಅಪಾಯ ಇನ್ನೂ ಸೂಕ್ಷ್ಮವಾದದ್ದು. 'ಲೆಕ್ಕದಷ್ಟು ವೇಗ ಬರಲಿಲ್ಲ, ಇನ್ನೂ ಸ್ವಲ್ಪ ಮದ್ದು ಹಾಕೋಣ' ಎಂಬ ಪ್ರಲೋಭನೆ ಹುಟ್ಟುವುದು ಆಗಲೇ. ಗಿಡ್ಡ ನಳಿಗೆಯಿಂದಾಗಿ ವೇಗ ಕಡಿಮೆಯಾಗಿದ್ದರೆ ಒತ್ತಡ ಆಗಲೇ ಮಿತಿಯ ಸಮೀಪದಲ್ಲಿರಬಹುದು.

ಇಲ್ಲಿಯೇ ಮುಖ್ಯವಾದ ತತ್ವವೊಂದಿದೆ. ವೇಗ ಎಂಬುದು ನಳಿಗೆಯುದ್ದಕ್ಕೂ ಗುಂಡನ್ನು ತಳ್ಳಿದ ಒತ್ತಡದ ಒಟ್ಟು ಫಲ. ಬೆಂಗಳೂರಿನಿಂದ ಒಟ್ಟಿಗೇ ಹೊರಟ ಎರಡು ಬಸ್ಸುಗಳು ಒಂದೇ ಹೊತ್ತಿಗೆ ಮೈಸೂರು ತಲುಪಿದವೆನ್ನಿ. ಒಂದು ಸಮವೇಗದಲ್ಲಿ ಬಂದಿರಬಹುದು, ಇನ್ನೊಂದು ರಾಮನಗರದವರೆಗೆ ತೆವಳಿ ಆಮೇಲೆ ಅತಿವೇಗದಲ್ಲಿ ಧಾವಿಸಿರಬಹುದು. ತಲುಪಿದ ಸಮಯ ನೋಡಿ ಯಾರು ಅಪಾಯಕಾರಿಯಾಗಿ ಓಡಿಸಿದರು ಎಂದು ಹೇಳಲಾಗದು. ಹಾಗೆಯೇ ಎತ್ತರದ ಶಿಖರವಿರುವ ಒತ್ತಡ, ಶಿಖರವಿಲ್ಲದೆ ಹರಡಿಕೊಂಡ ಒತ್ತಡ ಎರಡೂ ಒಂದೇ ವೇಗ ನೀಡಬಲ್ಲವು. ತಂತ್ರಾಂಶದ ಮದ್ದಿನ ಗುಣಾಂಕಗಳನ್ನು ತಿದ್ದಿ ವೇಗವನ್ನು ಅಳತೆಗೆ ಹೊಂದಿಸಿದ ಮಾತ್ರಕ್ಕೆ ಅದು ತೋರುವ ಒತ್ತಡವೂ ಸರಿಯಾಯಿತು ಎಂದರ್ಥವಲ್ಲ.

ಒತ್ತಡವನ್ನು ನೇರವಾಗಿ ಅಳೆಯುವುದು ಪ್ರಯೋಗಾಲಯದ ಕೆಲಸ. ಅಲ್ಲಿ ವಿಶೇಷ ನಳಿಗೆ, ಪೀಜೋ ವಿದ್ಯುತ್ ಸಂವೇದಕಗಳಿರುತ್ತವೆ. ಅದಕ್ಕಾಗಿಯೇ ಮದ್ದಿನ ತಯಾರಕರು ಪ್ರಕಟಿಸುವ ಗರಿಷ್ಠ ಮಿತಿಯನ್ನು ಮೀರಬಾರದು, ಕಡಿಮೆ ಪ್ರಮಾಣದಿಂದ ಆರಂಭಿಸಬೇಕು, ಒಂದೇ ಅಳತೆಯಲ್ಲದೆ ಹಲವು ಹಂತಗಳಲ್ಲಿ ಲೆಕ್ಕ ಮತ್ತು ಅಳತೆ ಒಟ್ಟಿಗೆ ಸಾಗುತ್ತಿವೆಯೇ ಎಂದು ನೋಡಬೇಕು ಎಂಬುದು ಈ ಹವ್ಯಾಸದ ಮೂಲನಿಯಮ.

ನಮ್ಮಲ್ಲಿ ಕಾನೂನು

ಭಾರತದಲ್ಲಿ ಇದು ಹವ್ಯಾಸವಾಗಿ ಮನೆಯಲ್ಲಿ ಕುಳಿತು ಮಾಡುವ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡವರು ಹಾಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿದೆ. ಆದರೆ ಅದು ಕೋವಿ ಹೊಂದುವ, ಒಯ್ಯುವ ಹಕ್ಕಿಗೆ ಸಂಬಂಧಿಸಿದ್ದೇ ಹೊರತು ತೋಟಾ ತಯಾರಿಸುವ ಅನುಮತಿಯಲ್ಲ.

ಗಣಕ ಲೆಕ್ಕ ಹಾಕುತ್ತದೆ, ಮಾಪಕ ಅಳೆಯುತ್ತದೆ. ಎರಡೂ ಒಂದನ್ನೊಂದು ಒಪ್ಪದಿದ್ದಾಗ ಕಾರಣ ಹುಡುಕುವ ತಾಳ್ಮೆ ಮನುಷ್ಯನಿಗೇ ಇರಬೇಕು. ಮದ್ದಿನ ಡಬ್ಬಿಯನ್ನು ಮುಚ್ಚಿಟ್ಟು ಮೊದಲು ಕಾರಣ ಹುಡುಕುವವನೇ ಇಲ್ಲಿ ಜಾಣ.