ಪ್ರತಿಧ್ವನಿ ಎಲ್ಲಿ ಸಿಕ್ಕಿಹಾಕಿಕೊಂಡಿತ್ತು?

ಬೆಟ್ಟದ ಎದುರು ನಿಂತು ಕೂಗಿದರೆ ದನಿ ವಾಪಸ್ ಬರುತ್ತಲ್ಲ, ಗಿಟಾರಿಗೆ ಅದೇ ಕೆಲಸ ಮಾಡಿಕೊಡೋದು ಡಿಲೇ ಪೆಡಲ್. ಕೊಂಡರೆ ದುಬಾರಿ, ನಾನೇ ಮಾಡ್ತೀನಿ ಅಂತ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಮೂರು ವೀಕೆಂಡ್ ಬೆಸುಗೆ ಹಾಕಿದೆ. ಸ್ವಿಚ್ ಒತ್ತಿದರೆ ಲೈಟ್ ಉರಿಯಿತು, ಗಿಟಾರೂ ಕೇಳಿಸಿತು. ಪ್ರತಿಧ್ವನಿ ಮಾತ್ರ ನಾಪತ್ತೆ!

ತಂಗಿಯ ನಿಶ್ಚಿತಾರ್ಥಕ್ಕೆ ಹತ್ತೇ ದಿನ ಇತ್ತು. ಅವತ್ತು ನುಡಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಗಾಬರಿಯಲ್ಲಿ ಎರಡು ಸಲ ಚಿಪ್ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಅಪ್ಪ ಪೇಪರ್ ಓದುತ್ತಾ ಎಲ್ಲಾ ನೋಡ್ತಿದ್ದರು. ಅವರು ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅಂಗಡಿ ಮುಚ್ಚಿದ ಮೇಲೆ ಆ ಮಾತನ್ನೇ ಎತ್ತುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ಅವತ್ತು ಅವರೇ ಹತ್ತಿರ ಬಂದು, "ಪಾರ್ಟ್ ಬದಲಿಸೋದು ರಿಪೇರಿ ಅಲ್ಲ ಕಣೋ. ಸದ್ದು ಎಲ್ಲಿವರೆಗೆ ಬಂದಿದೆ ಅಂತ ಮೊದಲು ನೋಡು" ಅಂದರು.

ಮೊದಲು ಕರೆಂಟ್ ನೋಡಿದೆವು. ಇಂಥ ಪೆಡಲುಗಳಲ್ಲಿ ಸಾಮಾನ್ಯವಾಗಿ ಇರೋದು ಪಿಟಿ2399 ಎಂಬ 16 ಕಾಲಿನ ಚಿಪ್. ಕ್ಯಾರಿಯೋಕಿ ಎಕೋಗೆ ಬಳಸೋದೂ ಇದನ್ನೇ. ಒಳಗೆ ಬಂದ ಸದ್ದನ್ನು ಡಿಜಿಟಲ್ ಮಾಡಿ, ಕ್ಷಣಕಾಲ ಮೆಮೊರಿಯಲ್ಲಿ ಹಿಡಿದಿಟ್ಟು ಬಿಡುತ್ತೆ. ಅಡಾಪ್ಟರ್ 9 ವೋಲ್ಟ್ ಕೊಟ್ಟರೂ ಚಿಪ್ಪಿನ 1ನೇ ಕಾಲಿಗೆ 5 ವೋಲ್ಟ್ ಸಿಗಬೇಕು, 2ನೇ ಕಾಲಲ್ಲಿ ಅದರರ್ಧ. ಎರಡೂ ಸರಿಯಿತ್ತು. ನಿಮಗೆ 5 ವೋಲ್ಟ್ ಬರದಿದ್ದರೆ 78ಎಲ್05 ರೆಗ್ಯುಲೇಟರ್ ತಿರುಗುಮುರುಗಾಗಿದೆಯಾ ನೋಡಿ. ಅದರ ಕಾಲುಗಳ ಕ್ರಮ ಅಣ್ಣ 7805ಕ್ಕೆ ಉಲ್ಟಾ!

ಆಮೇಲೆ 6ನೇ ಕಾಲು. ಅಲ್ಲಿಂದ ಗ್ರೌಂಡಿಗೆ ಇರುವ ರೆಸಿಸ್ಟರ್ ಡಿಲೇ ಸಮಯ ನಿರ್ಧರಿಸುತ್ತೆ. ಆನ್ ಮಾಡುವಾಗ ಅದು ತೀರಾ ಕಡಿಮೆಯಿದ್ದರೆ ಚಿಪ್ ಸ್ತಬ್ಧವಾಗಬಹುದು. ಹಾಗಾಗಿ ನಾಬ್ ಜೊತೆ ಒಂದೆರಡು ಕಿಲೋಓಮಿನ ರೆಸಿಸ್ಟರ್ ಸೇರಿಸ್ತಾರೆ. ನಮ್ಮದರಲ್ಲಿ ಅದೂ ಇತ್ತು.

ಈಗ ಅಪ್ಪನ ಅಸಲಿ ಅಸ್ತ್ರ. ಹಳೇ ಗಿಟಾರ್ ಕೇಬಲಿನ ಒಂದು ತುದಿ ಕತ್ತರಿಸಿ, ಹೊರಗಿನ ಜಾಲರಿ ತಂತಿಯನ್ನು ಪೆಡಲಿನ ಗ್ರೌಂಡಿಗೆ ಕಟ್ಟಿದರು. ಒಳಗಿನ ತಂತಿಗೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೆಸೆದರು. ಅದು ಡಿಸಿ ತಡೆದು ಸದ್ದನ್ನಷ್ಟೇ ಬಿಡುತ್ತೆ. ಇನ್ನೊಂದು ತುದಿ ಆಂಪ್ಲಿಫೈಯರಿಗೆ, ವಾಲ್ಯೂಮ್ ಕಡಿಮೆ. (ಇದು 9 ವೋಲ್ಟಿನ ಪೆಡಲಿಗೆ ಮಾತ್ರ. ಮನೆ ಕರೆಂಟಿನ ಆಂಪ್ಲಿಫೈಯರ್ ಬಿಚ್ಚಿ ಹೀಗೆ ಮುಟ್ಟಲೇಬೇಡಿ.)

ನಾನು ತಂತಿ ಮೀಟುತ್ತಾ ಹೋದೆ. ಅಪ್ಪ ಕನ್ನಡಕ ಮೂಗಿಗಿಳಿಸಿ ಕೆಪ್ಯಾಸಿಟರ್ ಕಾಲನ್ನು ಒಂದೊಂದೇ ಕಡೆ ತಾಗಿಸಿದರು. 15ನೇ ಕಾಲಲ್ಲಿ ಗಿಟಾರ್ ಕೇಳಿಸಿತು. 14ನೇ ಕಾಲಿಗೆ ಮುಟ್ಟಿಸಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ತಡವಾಗಿ, ಸ್ವಲ್ಪ ಮಬ್ಬಾಗಿ, ಬರೀ ಪ್ರತಿಧ್ವನಿ! ಅದು ಮೊದಲಿಂದಲೂ ಅಲ್ಲೇ ಇತ್ತು. ನಾನು ಬದಲಿಸಿದ ಚಿಪ್ಪುಗಳಲ್ಲಿ ಯಾವುದೂ ಕೆಟ್ಟಿರಲಿಲ್ಲ.

ಮುಂದಿನ ರೆಸಿಸ್ಟರ್ ದಾಟಿದರೆ ಮೌನ. ಅಪ್ಪ ಬೋರ್ಡ್ ತಿರುಗಿಸಿ ಬೆರಳು ತೋರಿಸಿದರು. ಬೆಸುಗೆ ಹರಡಿಕೊಳ್ಳದೆ, ಹೊಳಪಿಲ್ಲದೆ ಗುಂಡಗೆ ಕೂತಿತ್ತು. ಡ್ರೈ ಸೋಲ್ಡರ್. ಮೂರು ಸೆಕೆಂಡ್ ಬಿಸಿ ಮಾಡಿ, ಚೂರು ಹೊಸ ಸೀಸ ಮುಟ್ಟಿಸಿದರು. ಅಷ್ಟೇ!

ನಿಶ್ಚಿತಾರ್ಥದ ದಿನ ನುಡಿಸಿದೆ. ಎರಡು ಕಡೆ ತಪ್ಪಿದೆ, ಪ್ರತಿಧ್ವನಿಯಲ್ಲಿ ಆ ತಪ್ಪುಗಳೂ ಮತ್ತೆ ಮತ್ತೆ ಕೇಳಿಸಿದವು. ತಂಗಿ ನಕ್ಕಳು. ಅಪ್ಪ ಮಾತ್ರ ಹುಡುಗನ ಮನೆಯವರಿಗೆ ಡ್ರೈ ಸೋಲ್ಡರ್ ಅಂದರೇನು ಅಂತ ವಿವರಿಸುತ್ತಾ ಕೂತಿದ್ದರು.

ಮರುದಿನ ಬೆಳಗ್ಗೆ ಕಾಫಿ ಕುಡೀತಾ ಕೇಳಿದರು: "ಆ ಮಿಕ್ಕಿದ ಎರಡು ಚಿಪ್ ಎಲ್ಲಿಟ್ಟಿದೀಯ?"