ಊಟದ ನಂತರ ಗಂಟಲಿನ ಅಡಚಣೆ: ತಟ್ಟೆಯನ್ನೂ ಗಮನಿಸೋಣ

ನಮ್ಮ ಮನೆಯ ಅಜ್ಜಿಯೊಬ್ಬರು ಜೀವನವಿಡೀ ಖಡಕ್ ಜೋಳದ ರೊಟ್ಟಿ ಉಂಡವರು. ಒಂದು ಬೇಸಿಗೆಯಲ್ಲಿ ಅವರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದರು. ಮಳೆಗಾಲದ ಹೊತ್ತಿಗೆ ಮೆತ್ತನೆಯ ಅನ್ನ, ತಿಳಿಸಾರಿಗೆ ಇಳಿದರು. ದೀಪಾವಳಿಯ ಹೊತ್ತಿಗೆ ಅವರ ತಟ್ಟೆಯಲ್ಲಿ ಉಳಿದದ್ದು ಗಂಜಿ ಮಾತ್ರ. 'ವಯಸ್ಸಾಯಿತು, ಹಲ್ಲು ಹೋದವು' ಎಂದು ಅವರು ಹೇಳಿದರು; ನಾವೂ ನಂಬಿದೆವು. ಎರಡು ತುತ್ತಿಗೊಮ್ಮೆ ಎದೆಯ ಮೇಲೆ ಕೈಯಿಟ್ಟು ನೀರು ಕುಡಿಯುತ್ತಿದ್ದುದನ್ನು ದಿನವೂ ಕಂಡರೂ ಕಾರಣ ಕೇಳಲಿಲ್ಲ. ಕೊನೆಗೆ ವೈದ್ಯರಲ್ಲಿಗೆ ಕರೆದೊಯ್ದಾಗ ಅನ್ನನಾಳದ ಕ್ಯಾನ್ಸರ್ ಬಹಳ ಮುಂದುವರಿದಿತ್ತು. ಅಜ್ಜಿಯ ಬಾಯಿ ಹೇಳದುದನ್ನು ಅವರ ತಟ್ಟೆ ಆರು ತಿಂಗಳಿಂದ ಹೇಳುತ್ತಿತ್ತೆಂಬ ಕೊರಗು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಆ ಕೊರಗೇ ಈ ಲೇಖನಕ್ಕೆ ಪ್ರೇರಣೆ.

ಹಾಗೆಂದು ಗಂಟಲಿನ ಅಡಚಣೆಯೆಲ್ಲ ಕ್ಯಾನ್ಸರೇ ಎಂದು ಯಾರೂ ಭಯಪಡಬೇಕಾಗಿಲ್ಲ. ಇಂತಹ ತೊಂದರೆಗಳಲ್ಲಿ ಬಹುಪಾಲು ಸಾಮಾನ್ಯ ಕಾರಣಗಳಿಂದ ಹುಟ್ಟಿ, ಸುಲಭ ಉಪಾಯಗಳಿಂದ ಶಮನವಾಗುವಂಥವು. ಆದರೆ 'ಪಿತ್ತ', 'ಉಷ್ಣ', 'ವಯಸ್ಸು' ಎಂಬ ಮೂರು ಮಾತುಗಳಲ್ಲಿ ಎಲ್ಲವನ್ನೂ ಮುಗಿಸಿಬಿಡುವುದು ಸಲ್ಲದು. ತೊಂದರೆ ಯಾವಾಗ ಬರುತ್ತದೆ, ಯಾವ ಆಹಾರಕ್ಕೆ ಬರುತ್ತದೆ ಎಂಬುದನ್ನು ಗಮನಿಸಿದರೆ ಕಾರಣದ ಸುಳಿವು ಬಹುಮಟ್ಟಿಗೆ ದೊರೆಯುತ್ತದೆ.

ಹುಳಿತೇಗು ಮತ್ತು ಉರಿ

ಆಹಾರವನ್ನು ಜಠರಕ್ಕೆ ಸಾಗಿಸುವ ಅನ್ನನಾಳ ವಯಸ್ಕರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಕೆಳತುದಿಯಲ್ಲಿರುವ ಸ್ನಾಯುವಿನ ಬಿಗಿಯು ಬಾಗಿಲಿನಂತೆ ಕೆಲಸಮಾಡುತ್ತದೆ. ಆ ಬಾಗಿಲು ಸಡಿಲವಾದಾಗ ಜಠರದ ಆಮ್ಲವು ಮೇಲಕ್ಕೇರಿ ಎದೆಯುರಿ, ಹುಳಿತೇಗು, ಗಂಟಲ ಕೆರೆತಗಳನ್ನು ಉಂಟುಮಾಡುತ್ತದೆ. ಬೆಳಿಗ್ಗೆ ಎದ್ದಾಗ ದನಿ ಒಡೆದಿರುವುದಕ್ಕೂ, ಒಣಕೆಮ್ಮಿಗೂ ಇದೇ ಕಾರಣವಾಗಿರಬಹುದು. ಹೊಟ್ಟೆ ಬಿರಿಯುವಂತೆ ಉಣ್ಣುವುದು, ಎಣ್ಣೆಯಲ್ಲಿ ಕರಿದ ತಿನಿಸು, ಸ್ಥೂಲಕಾಯ, ಧೂಮಪಾನ, ಉಂಡೊಡನೆ ಮಲಗುವುದು - ಇವೆಲ್ಲ ತೊಂದರೆಯನ್ನು ಹೆಚ್ಚಿಸುತ್ತವೆ. ರಾತ್ರಿಯೂಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿದರೆ ಹಲವರಿಗೆ ಹಿತವೆನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಂಡು ನಾಲ್ಕು ಹೆಜ್ಜೆ ನಡೆದಾಗ ಎದೆಯಿಂದ ಗಂಟಲಿಗೂ ದವಡೆಗೂ ಏರುವ ಬಿಗಿತ, ಅದರೊಡನೆ ಬೆವರು, ಉಬ್ಬಸಗಳು ಕಂಡರೆ ಅದನ್ನು ಗ್ಯಾಸ್ ಎಂದು ತಿಳಿದು ಸೋಡಾ ಕುಡಿಸುತ್ತ ಕೂರಬಾರದು. ಅದು ಹೃದಯದ ತೊಂದರೆಯಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತುರಿಕೆ ಮತ್ತು ಊತ

ಸುವರ್ಣಗೆಡ್ಡೆ, ಕೆಸುವಿನೆಲೆಗಳನ್ನು ತಿಂದೊಡನೆ ಗಂಟಲು ತುರಿಸುವುದು ಎಲ್ಲ ಗೃಹಿಣಿಯರಿಗೂ ಗೊತ್ತು. ಅವುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಯಾಕಾರದ ಹರಳುಗಳು ಚುಚ್ಚುವುದರಿಂದ ಹೀಗಾಗುತ್ತದೆ. ಹುಣಿಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವ ನಮ್ಮ ಹಿರಿಯರ ಪದ್ಧತಿ ಅರ್ಥವಿಲ್ಲದ್ದಲ್ಲ. ಆದರೆ ಶೇಂಗಾ, ಗೋಡಂಬಿ, ಎಳ್ಳು, ಹಾಲು ಮುಂತಾದವುಗಳಿಂದ ಕೆಲವರಿಗೆ ಉಂಟಾಗುವ ಅಲರ್ಜಿಯ ಬಗೆಯೇ ಬೇರೆ. ತುಟಿ ನಾಲಗೆಗಳು ಊದಿಕೊಂಡು, ಮೈಮೇಲೆ ದದ್ದುಗಳೆದ್ದು, ಉಸಿರು ಕಟ್ಟಿದಂತಾದರೆ ಅದು ಪ್ರಾಣಾಪಾಯದ ಸ್ಥಿತಿ. ಮನೆಮದ್ದಿನಲ್ಲಿ ಒಂದು ನಿಮಿಷವನ್ನೂ ಕಳೆಯಬಾರದು.

ಗುಳಿಗೆಯೂ ಕಾರಣವಾದೀತು

ಊಟದ ಮೇಲೆ ಗುಳಿಗೆಯನ್ನು ಒಂದೇ ಗುಟುಕು ನೀರಿನಲ್ಲಿ ನುಂಗಿ ಮಲಗುವ ಅಭ್ಯಾಸ ಅನೇಕರಲ್ಲಿದೆ. ಹಾಗೆ ನುಂಗಿದ ಗುಳಿಗೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಲ್ಲದು. ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆಗಳೂ, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯೂ ಇದಕ್ಕೆ ಹೆಸರಾದವು. ಯಾವುದೇ ಗುಳಿಗೆಯನ್ನು ತುಂಬು ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ನೆಟ್ಟಗೆ ಕುಳಿತಿರುವುದು ಉತ್ತಮ.

ಇನ್ನು ಕೆಲವರಿಗೆ ಗಂಟಲಲ್ಲಿ ಉಂಡೆಯೊಂದು ಕುಳಿತಂತೆ ಭಾಸವಾಗುತ್ತದೆ. ಬರಿಯ ಉಗುಳು ನುಂಗುವಾಗ ಅದು ಕಾಡುತ್ತದೆ. ಆದರೆ ಊಟಕ್ಕೆ ಕುಳಿತರೆ ತುತ್ತು ಸರಾಗವಾಗಿ ಇಳಿಯುತ್ತದೆ. ಮನಸ್ಸಿನ ಒತ್ತಡದಲ್ಲಿ ಇದು ಹೆಚ್ಚುವುದುಂಟು. ಇದನ್ನು ನಟನೆಯೆಂದು ಹೀಗಳೆಯಬಾರದು. ಒಮ್ಮೆ ವೈದ್ಯರಿಗೆ ತೋರಿಸಿ, ಅಪಾಯವಿಲ್ಲವೆಂಬ ಭರವಸೆ ಪಡೆದರೆ ಅದೇ ಅರ್ಧ ಔಷಧ.

ತುತ್ತು ನಿಲ್ಲುವುದು ಬೇರೆಯೇ ಮಾತು

ತುತ್ತು ನಿಜವಾಗಿಯೂ ಎದೆಯಲ್ಲಿ ನಿಂತು, ನೀರು ಕುಡಿದು ತಳ್ಳಬೇಕಾದರೆ ಅದನ್ನು ಎಂದಿಗೂ ಅಲಕ್ಷಿಸಲಾಗದು. ಮೊದಲು ರೊಟ್ಟಿ, ಆಮೇಲೆ ಅನ್ನ, ಕೊನೆಗೆ ಗಂಜಿ ಎಂದು ತೊಂದರೆ ಹಂತಹಂತವಾಗಿ ಏರುತ್ತ, ಮೈತೂಕ ಇಳಿಯುತ್ತಿದ್ದರೆ ಅನ್ನನಾಳ ಕಿರಿದಾಗುತ್ತಿದೆಯೆಂದು ಶಂಕಿಸಬೇಕು. ಗಟ್ಟಿ ಆಹಾರ, ನೀರು ಎರಡೂ ಆರಂಭದಿಂದಲೇ ಇಳಿಯದಿದ್ದರೆ ಸ್ನಾಯುಗಳ ಚಲನೆಯಲ್ಲಿ ದೋಷವಿರುವ ಸಂಭವ ಹೆಚ್ಚು. ಬಹುಕಾಲ ರಕ್ತಹೀನತೆಯಿಂದ ಬಳಲಿದ ಸ್ತ್ರೀಯರಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ತೆಳುಪೊರೆಯೊಂದು ಬೆಳೆದು ನುಂಗುವಿಕೆಯನ್ನು ತಡೆಯುವುದುಂಟು. ಕಬ್ಬಿಣಾಂಶದ ಚಿಕಿತ್ಸೆಯಿಂದ ಅನೇಕರಲ್ಲಿ ಇದು ಗುಣವಾಗುತ್ತದೆ. ಪಾರ್ಶ್ವವಾಯು ಆದವರು ನೀರು ಕುಡಿದೊಡನೆ ಕೆಮ್ಮಿದರೆ, ಅದು ಶ್ವಾಸನಾಳಕ್ಕೆ ಜಾರುತ್ತಿದೆಯೆಂಬ ಸೂಚನೆ.

ನಮ್ಮ ರೂಢಿಗಳನ್ನೂ ಇಲ್ಲಿ ಮರೆಯಲಾಗದು. ಊಟದ ನಂತರ ಎಲೆಯಡಿಕೆ ನಮಗೆ ಸಂಪ್ರದಾಯ. ಅದಕ್ಕೆ ಹೊಗೆಸೊಪ್ಪು ಸೇರಿದಾಗ ವಿಷವೇ ಸರಿ. ಬರಿಯ ಅಡಿಕೆಯೂ ಮಾನವರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟವಾದ ವರದಿಯಲ್ಲಿ ತಿಳಿಸಿದೆ. ಅಡಿಕೆ ಅಗಿಯುವವರಿಗೆ ಖಾರ ತಗುಲಿದರೆ ಬಾಯಿ ಉರಿಯುವುದು, ದಿನಗಳೆದಂತೆ ಬಾಯಿ ಪೂರ್ತಿ ತೆರೆಯಲಾಗದಿರುವುದು ಅದರ ಮುನ್ಸೂಚನೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳು ಬಹುಶಃ ಕ್ಯಾನ್ಸರ್‌ಕಾರಕವೆಂದು ಅದೇ ವಿಭಾಗ 2016ರಲ್ಲಿ ಸೂಚಿಸಿತು. ಚಹಾವನ್ನು ಸ್ವಲ್ಪ ಆರಿಸಿ ಕುಡಿದರೆ ರುಚಿಯೇನೂ ಕೆಡದು.

ಮನೆಯವರು ಮಾಡಬೇಕಾದುದು

ವೈದ್ಯರಲ್ಲಿಗೆ ಹೋಗುವ ಮುನ್ನ ಕೆಲವು ಸಂಗತಿಗಳನ್ನು ಬರೆದಿಟ್ಟುಕೊಳ್ಳಿರಿ: ತೊಂದರೆ ಎಂದಿನಿಂದ ಇದೆ, ಗಟ್ಟಿ ಆಹಾರಕ್ಕೋ ನೀರಿಗೋ, ತುತ್ತು ಎಲ್ಲಿ ನಿಂತಂತಾಗುತ್ತದೆ, ತೂಕ ಇಳಿದಿದೆಯೇ, ಯಾವ ಮಾತ್ರೆಗಳನ್ನು ಸೇವಿಸುತ್ತಿದ್ದಾರೆ. ಎಂಡೋಸ್ಕೋಪಿ ಎಂದೊಡನೆ ಹೆದರುವವರಿದ್ದಾರೆ. ಅದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ. ಎರಡು ಮೂರು ವಾರ ಕಳೆದರೂ ಇಳಿಯದ ದನಿಯೊಡಕು, ಕುತ್ತಿಗೆಯಲ್ಲಿ ಗಂಟು, ವಾಂತಿಯಲ್ಲಿ ರಕ್ತ, ಕಪ್ಪು ಮಲ - ಇವುಗಳಲ್ಲಿ ಒಂದು ಕಂಡರೂ ಮುಂದೂಡಬೇಡಿರಿ. ತುತ್ತು ಸಿಕ್ಕಿಕೊಂಡು ಉಗುಳನ್ನೂ ನುಂಗಲಾಗದಿದ್ದರೆ ಅಂದೇ, ಆಗಲೇ ಆಸ್ಪತ್ರೆ ಸೇರಬೇಕು.

ನಮ್ಮ ಮನೆಗಳಲ್ಲಿ ಹಿರಿಯರು, ಅದರಲ್ಲಿಯೂ ತಾಯಂದಿರು, ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬರೇ ಕುಳಿತು ಉಣ್ಣುತ್ತಾರೆ. ಅವರ ತುತ್ತು ಹೇಗೆ ಇಳಿಯುತ್ತದೆಂದು ನೋಡಲು ಅಲ್ಲಿ ಯಾರೂ ಇರುವುದಿಲ್ಲ. ಕೇಳಿದರೆ 'ಏನೂ ಇಲ್ಲ ಬಿಡು' ಎನ್ನುತ್ತಾರೆ. ದಿನಕ್ಕೊಂದು ಹೊತ್ತಾದರೂ ಅವರ ಜೊತೆಗೆ ಕುಳಿತು ಉಣ್ಣೋಣ. ರೊಟ್ಟಿಯ ಬದಲು ಗಂಜಿ ಬಂದಿದ್ದರೆ, ಏಕೆಂದು ಎರಡನೆಯ ಸಲವೂ ಕೇಳೋಣ. ನಾವು ಒಂದು ಸಲವೂ ಕೇಳಿರಲಿಲ್ಲ.