ಗಾದಿ ಅರಿವೆಯನ್ನು ಬಿಸಿಲಿಗೆ ಹಿಡಿದು ನೋಡಿ

ನಮ್ಮದು ನವಲಗುಂದ ಕಡೆಯ ಎರೆಹೊಲ. ಮಳೆ ಬಂದರೆ ಬೆಳೆ. ಹತ್ತಿ ಬೆಳೆಯುವವನ ಮನೆ ಗಾದಿಯೇ ಕೆಟ್ಟಿತು ಎಂದರೆ ನಗುತ್ತೀರಿ. ನನಗೆ ಹಾಗೇ ಆಗಿದೆ.

2019ರಲ್ಲಿ ಮಗಳ ಮದುವೆ. ಎರಡು ಗಾದಿ, ನಾಲ್ಕು ತಲೆದಿಂಬು ಕೊಡಬೇಕಿತ್ತು. ಅರಳೆಯ ಚಿಂತೆ ಇರಲಿಲ್ಲ, ಮನೆಯದೇ ಜಯಧರ ಹತ್ತಿ ತೆಗೆದಿಟ್ಟಿದ್ದೆ. ಅದರ ಎಳೆ ಗಿಡ್ಡ, ಒರಟು. ನೂಲಿನವರಿಗೆ ಅಷ್ಟಾಗಿ ಬೇಡ, ಗಾದಿಗೆ ಮಾತ್ರ ಅದೇ ಲೇಸು. ಒತ್ತಿದರೂ ಮತ್ತೆ ಏಳುತ್ತದೆ.

ನಾನು ಕೆಟ್ಟದ್ದು ಅರಿವೆಯಲ್ಲಿ. ಪೇಟೆಯ ಒಂದು ಅಂಗಡಿಯಲ್ಲಿ ನೀಲಿ ಪಟ್ಟಿಯ ಅರಿವೆ ಅಗ್ಗಕ್ಕೆ ಸಿಕ್ಕಿತು. ಕೈಗೆ ಬಿರುಸು, ದಪ್ಪ. ನಮ್ಮೂರ ಪಿಂಜಾರ ಅಜ್ಜ ಮುಟ್ಟಿ ನೋಡಿ, "ಯಜಮಾನ್ರ, ಇದ್ರಾಗ ನೂಲಿಗಿಂತ ಗಂಜಿನ ಭಾಳ ಐತ್ರಿ" ಅಂದರು. ಮದುವೆ ಗಡಿಬಿಡಿ, ಕೇಳಲಿಲ್ಲ.

ವರ್ಷ ತುಂಬುವುದರೊಳಗೆ ಬೆವರಿಗೆ, ಒರೆಸುವುದಕ್ಕೆ ಗಂಜಿ ಹೋಗಿ ಅರಿವೆ ಜಾಳಾಯಿತು. ಸಂದಿನಿಂದ ಅರಳೆ ಹೊರಗೆ. ಸೀರೆಗೆ, ಕೂದಲಿಗೆ, ತಾಟಿನೊಳಗೂ. ಬೀಗತಿಗೆ ಮೊದಲೇ ದಮ್ಮು. "ಹತ್ತಿ ಬೆಳಿಯೋರ ಮನಿ ಗಾದಿ ನೋಡ್ರಿ" ಎಂದರಂತೆ. ಮಗಳು ಫೋನಿನಲ್ಲಿ ಅತ್ತಳು.

ಎರಡೂ ಗಾದಿ ತರಿಸಿ ಬಿಚ್ಚಿಸಿದೆ. ಈ ಸಲ ಅಜ್ಜನನ್ನು ಕರೆದುಕೊಂಡೇ ಅಂಗಡಿಗೆ ಹೋದೆ. ಅವರು ಅರಿವೆಯನ್ನು ಮೊದಲು ಬಿಸಿಲಿಗೆ ಹಿಡಿದರು. ಸೂಜಿಮೊನೆಯಷ್ಟು ಬೆಳಕು ಸಾಲಾಗಿ ತೂರಿದರೆ ಬೇಡ. ಆಮೇಲೆ ಎರಡೂ ಕೈಯಲ್ಲಿ ಗಸಗಸ ತಿಕ್ಕಿದರು. ಬಿಳಿ ಹಿಟ್ಟು ಉದುರಿ ಅರಿವೆ ಮೆತ್ತಗಾದರೆ ಅದು ಗಂಜಿಯ ದಪ್ಪ. ಕೊನೆಗೆ ನೇಯ್ಗೆ. ಸಾದಾ ಅರಿವೆಯಲ್ಲಿ ಎಳೆ ಒಂದರ ಮೇಲೆ, ಒಂದರ ಕೆಳಗೆ ಹಾಯುತ್ತದೆ. ಒಳ್ಳೆಯ ಗಾದಿ ಅರಿವೆಯಲ್ಲಿ ಎರಡು ಮೂರು ಎಳೆ ದಾಟಿ ಹಾಯುತ್ತದೆ, ಹಾಗಾಗಿ ಎಳೆಗಳನ್ನು ಒತ್ತೊತ್ತಾಗಿ ಕೂಡಿಸಲಿಕ್ಕೆ ಬರುತ್ತದೆ. ಹತ್ತಿರದಿಂದ ನೋಡಿದರೆ ಓರೆ ಗೆರೆ ಕಾಣುತ್ತದೆ. ಪಟ್ಟಿಯ ಬಣ್ಣ ನೋಡಿ ಮರುಳಾಗಬೇಡಿ. ನಾನು ಆದದ್ದೇ ಅದಕ್ಕೆ.

ಇನ್ನೊಂದು. ಹೊಲಿಯುವ ಮೊದಲು ಅರಿವೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ಒಣಗಿಸಿ. ಎಷ್ಟು ಜಗ್ಗಬೇಕೋ ಆಗಲೇ ಜಗ್ಗಿಕೊಳ್ಳಲಿ. ಗಾದಿ ಆದ ಮೇಲೆ ಜಗ್ಗಿದರೆ ಹೊಲಿಗೆ ಹರಿಯುತ್ತದೆ. ಅಳತೆಗಿಂತ ಸ್ವಲ್ಪ ಹೆಚ್ಚೇ ಕೊಳ್ಳಿ.

ಅರಳೆ ಅದೇ, ಮತ್ತೆ ಹಿಂಜಿ ತುಂಬಿದ್ದು. ಇವತ್ತಿನವರೆಗೆ ಒಂದೆಳೆ ಹೊರಗೆ ಬಂದಿಲ್ಲವೆಂದು ಮಗಳು ಹೇಳುತ್ತಾಳೆ. ಬೀಗತಿಯೂ ತಮಗೊಂದು ಬೇಕೆಂದು ಹೇಳಿ ಕಳಿಸಿದ್ದಾರೆ. ಊರಿಗೆಲ್ಲ ಸ್ಪಂಜಿನ ಗಾದಿ ಬಂದು ಅಜ್ಜನ ಬಿಲ್ಲು ಗೋಡೆ ಏರಿದೆ. ಸುಗ್ಗಿ ಮುಗಿದ ಮೇಲೆ ಇದೊಂದಕ್ಕೆ ಇಳಿಸುತ್ತೇನೆ ಎಂದಿದ್ದಾರೆ.